ಮಾಲೀಕರ ಹೆಸರಿನ ಮುಂದೆ

ಅಪ್ಪಾ,

ಲೈಸೆನ್ಸ್ ಆಫೀಸಿಗೆ ಮತ್ತೆ ಹೊರಟಿದ್ದೇನೆ. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ. ಮೇಜಿನ ಮೇಲಿನ ಮಿಕ್ಸಿ ಮುಟ್ಟಬೇಡಿ, ವೈರು ಬಿಚ್ಚಿದೆ.

ನಿನ್ನೆ ಯಾಕೆ ಮುಖ ಊದಿಸಿಕೊಂಡು ಬಂದೆ ಎಂದು ಕೇಳಿದಿರಲ್ಲ, ಈಗ ಕೇಳಿ. ನನ್ನ ರಿಪೇರಿ ಅಂಗಡಿಯ ಅರ್ಜಿ ನೋಡಿ ಅಲ್ಲಿಯ ಗುಮಾಸ್ತ, “ಮಾಲೀಕರನ್ನ ಕರ್ಕೊಂಡು ಬಾಮ್ಮ” ಅಂದ. “ಅಂಗಡಿ ನಂದೇ ಸಾರ್” ಅಂದೆ. ಕಾಗದವನ್ನು ನನ್ನ ಕಡೆ ತಿರುಗಿಸಿದ. ಮಾಲೀಕರ ಹೆಸರಿನ ಮುಂದೆ ನಿಮ್ಮ ಹೆಸರು! ಅದೂ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ! ಸಾಲಿನಲ್ಲಿದ್ದವರೆಲ್ಲ ನಕ್ಕರು.

ಈ ಮನೆಯ ಫಾರಂಗಳನ್ನೆಲ್ಲ ನೀವೇ ತುಂಬುತ್ತಾ ಬಂದಿದ್ದೀರಿ, ಕೈ ತಾನಾಗಿ ಬರೆದುಬಿಟ್ಟಿತು ಅನ್ನುತ್ತೀರಿ, ಗೊತ್ತು. ಆದರೆ ಮೋಟಾರು ಬಿಚ್ಚಿ ಜೋಡಿಸುವವಳು ನಾನು. ನಿಮಗೆ ಬಲ್ಬು ಬದಲಾಯಿಸಲೂ ಬರುವುದಿಲ್ಲ!

ಹೊಸ ಫಾರಂ ನಾನೇ ತುಂಬಿದ್ದೇನೆ. ಅಕ್ಷರ ಕಾಗೆಕಾಲು ಗುಬ್ಬಿಕಾಲು, ಇರಲಿ. ನಿಮ್ಮ ಹೆಸರನ್ನೇನೂ ಬಿಟ್ಟಿಲ್ಲ. ಬಿಲ್ಲು ಬರೆಯಲು ಒಳ್ಳೆಯ ಅಕ್ಷರದವರು ಬೇಕಲ್ಲ, ಕೆಳಗೆ ‘ಕೆಲಸಗಾರರು’ ಎಂಬಲ್ಲಿ ಹಾಕಿದ್ದೇನೆ.

ಸೋಮವಾರ ಒಂಬತ್ತಕ್ಕೆ ಅಂಗಡಿಯಲ್ಲಿರಿ. ತಡವಾದರೆ ಮಾಲೀಕರು ಬೈಯುತ್ತಾರೆ.