ಎರಡು ಭಾನುವಾರ ಕಾಣಿಸದೆ ಹೋದದ್ದಕ್ಕೆ

ಮಂಗಳವಾರ, ೧೪ನೇ ತಾರೀಕು
ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಆ ಪದಕ್ಕೆ ಈಗ ನಿನ್ನ ಒಪ್ಪಿಗೆ ಇದೆಯೋ ಇಲ್ಲವೋ ಗೊತ್ತಿಲ್ಲ. ಮಗಳೇ ಎನ್ನಲು ಯಾರ ಅಪ್ಪಣೆಯೂ ಬೇಡವಲ್ಲ.

ಮುಖ್ಯವಾದ ಮಾತು ಮೊದಲು. ಕಳೆದ ಎರಡು ಭಾನುವಾರ ಹನ್ನೊಂದು ಗಂಟೆಗೆ ನಾನೂ ನಿನ್ನ ಅತ್ತೆಯೂ ಕಂಪ್ಯೂಟರಿನಲ್ಲಿ ಕಾಣಿಸಲಿಲ್ಲ. ಮೊಮ್ಮಗಳು ಬಟಾಣಿ ಆ ಕಡೆ ಕಾದು ಕೂತಿದ್ದಿರಬೇಕು. ಆರು ವರ್ಷದ ಮಗುವಿಗೆ ನೀನು ಏನೆಂದು ಹೇಳಿದೆಯೋ. ತಾತ, ಅಜ್ಜಿಗೆ ಅವಳು ಬೇಡವಾದಳು ಎಂದು ಮಾತ್ರ ಹೇಳಿರಬೇಡ. ನೀನೂ ಹಾಗೆ ಅಂದುಕೊಂಡಿರಬೇಡ. ನಿನ್ನ ಹಳೆಯ ನಂಬರಿಗೆ ಮಾಡಿದರೆ ಅದು ಚಾಲ್ತಿಯಲ್ಲಿಲ್ಲ ಎನ್ನುತ್ತದೆ. ಬಟಾಣಿ ಬಿಡಿಸಿ ಕಳಿಸಿದ್ದ ಚಿತ್ರದ ಲಕೋಟೆಯ ಹಿಂದೆ ವಿಳಾಸ ಸಿಕ್ಕಿತು. ಅದಕ್ಕೇ ಈ ಕಾಗದ.

ನಡೆದದ್ದು ಇಷ್ಟು. ಹೋದ ತಿಂಗಳೆಲ್ಲ ಆ ಮಾತಾಡುವ ಪ್ರೋಗ್ರಾಮ್ ತೆರೆದಾಗ ಮೇಲ್ಗಡೆ ಒಂದು ಹಳದಿ ಪಟ್ಟಿ ಬರುತ್ತಿತ್ತು. ಮುಂದಿನ ಒಂದನೇ ತಾರೀಕಿನಿಂದ ಈ ಹಳೆಯ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇದು ನಡೆಯುವುದಿಲ್ಲ, ಹೊಸದನ್ನು ಹಾಕಿಕೊಳ್ಳಿ ಎಂದು. ಕೆಳಗೆ ‘ಆಮೇಲೆ ನೆನಪಿಸು’ ಎಂಬ ಗುಂಡಿ. ನಾಲ್ಕು ಭಾನುವಾರವೂ ನಾನು ಅದನ್ನೇ ಒತ್ತಿದೆ. ಹೆದರಿಕೆ, ಮಗಳೇ. ಮೂವತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿದವನು ನಾನು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಚೀರಾಡುವವರಿಗೆ ಸಮಾಧಾನ ಹೇಳುತ್ತಲೇ ಕೈ ನಡುಗದೆ ಕೆಲಸ ಮಾಡಿದ್ದೇನೆ. ಆದರೆ ಲಿಫ್ಟಿನಲ್ಲಿ ಕೆಟ್ಟಿದ್ದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಈ ಹನ್ನೊಂದು ವರ್ಷದ ಮುದಿ ಡಬ್ಬದೊಳಗೆ ಏನಿದೆಯೋ ದೇವರೇ ಬಲ್ಲ. ನೀನು ಈ ಮನೆಯಿಂದ ಹೊರಡುವ ಮುಂಚೆ ಎಲ್ಲವನ್ನೂ ಜೋಡಿಸಿಟ್ಟು ಹೋಗಿದ್ದೆ. ಮುಟ್ಟಿದರೆ ಉಳಿದಿರುವ ಒಂದು ದಾರಿಯೂ ಮುಚ್ಚೀತು ಎಂದು ಮುಟ್ಟದೆ ಕೂತೆ. ಮುಟ್ಟದ್ದಕ್ಕೇ ಮುಚ್ಚಿಹೋಯಿತು.

ಐದನೇ ತಾರೀಕು ನಿನ್ನ ಅತ್ತೆ ತಲೆ ಬಾಚಿಕೊಂಡು, ಕನ್ನಡಕ ಒರೆಸಿಕೊಂಡು ಹತ್ತೂ ಮುಕ್ಕಾಲಿಗೇ ಬಂದು ಕೂತಳು. ಪ್ರೋಗ್ರಾಮ್ ತೆರೆದುಕೊಳ್ಳಲೇ ಇಲ್ಲ. ಹನ್ನೆರಡಾಯಿತು. “ಬಿಡಿ, ಅವಳೇ ಬೇಡ ಅಂದಿರ್ಬೇಕು. ಎಷ್ಟು ದಿನ ಅಂತ ನಮ್ಮನ್ನ ಸಹಿಸ್ಕೋತಾಳೆ” ಎಂದು ಎದ್ದುಹೋದಳು. ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನನ್ನ ಪುಕ್ಕಲುತನ ಮುಚ್ಚಿಕೊಳ್ಳಲು ತಪ್ಪು ನಿನ್ನ ಮೇಲೆ ಬೀಳುವುದಕ್ಕೆ ಬಿಟ್ಟೆ. ಇದನ್ನು ಬರೆಯುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಬರೆದಿದ್ದೇನೆ.

ಮಾರನೆಯ ದಿನ ಅವಳಿಗೆ ಏನೋ ನೆಪ ಹೇಳಿ, ಸಿಪಿಯುವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ ನಿಲ್ದಾಣದೆದುರಿನ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯಾಕೆ ಮುಚ್ಚಳ ಬಿಚ್ಚಿ, ಧೂಳು ಊದಿ, ಕಂಪ್ಯೂಟರನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. “ಅಂಕಲ್, ಈಗ ಎಲ್ಲರೂ ಹಾಕಿಸ್ಕೊಳ್ಳೋದನ್ನ ಹಾಕಿದ್ರೆ ಇದು ಏಳೋದೇ ಇಲ್ಲ. ಹಗುರವಾದ್ದು ಒಂದಿದೆ, ಹೊಸದೇ, ಹಳೇ ಮೆಷಿನ್‌ಗೂ ಒಗ್ಗುತ್ತೆ. ಬಿಟ್ಟು ಹೋಗಿ, ಮುಂದಿನ ವಾರ ಕೊಡ್ತೀನಿ” ಅಂದಳು. ಮುಂದಿನ ವಾರ ಎಂದರೆ ಇನ್ನೊಂದು ಭಾನುವಾರ ಕೈಬಿಟ್ಟಂತೆ. ನಾನೇ ಹಾಕಿಕೊಳ್ಳುತ್ತೇನೆ ಎಂದೆ. ಆಕೆ ಒಂದು ಪೆನ್‌ಡ್ರೈವಿಗೆ ಅದನ್ನು ತುಂಬಿಸಿ, ಏನೇನು ಮಾಡಬೇಕೆಂದು ಹಾಳೆಯಲ್ಲಿ ಬರೆದುಕೊಟ್ಟು, ಎರಡೆರಡು ಸಲ ಎಚ್ಚರಿಸಿದಳು: “ಫೋಟೋಗೀಟೋ ಇದ್ರೆ ಮೊದಲೇ ಬೇರೆ ಕಡೆ ತೆಗೆದಿಡಿ, ಎಲ್ಲಾ ಅಳಿಸಿಹೋಗುತ್ತೆ. ಮಧ್ಯದಲ್ಲಿ ಮಾತ್ರ ಕರೆಂಟ್ ತೆಗೀಬೇಡಿ.”

ಫೋಟೋ ತೆಗೆದಿಡುವುದಕ್ಕೇ ಎರಡು ದಿನ ಹಿಡಿಯಿತು. ಒಂದೊಂದನ್ನೂ ನೋಡುತ್ತ ಕೂತರೆ ಇನ್ನೇನಾಗುತ್ತದೆ? ನಿಮ್ಮ ಮದುವೆಯವನ್ನೂ ತೆಗೆದಿಟ್ಟಿದ್ದೇನೆ. ಬೇಡವೆಂದು ಯಾರೂ ಹೇಳಿರಲಿಲ್ಲ.

ಗುರುವಾರ ಬೆಳಿಗ್ಗೆ ಕೂತೆ. ಕಂಪ್ಯೂಟರ್ ಏಳುವ ಕ್ಷಣದಲ್ಲೇ ಒಂದು ಕೀ ಒತ್ತಬೇಕು. ಮೂರು ಸಲ ತಡವಾಯಿತು, ನಾಲ್ಕನೆಯ ಸಲ ಸಿಕ್ಕಿತು. ‘ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ?’ ಎಂದು ಕೇಳಿತು. ಎದ್ದುಹೋಗಿ ನೀರು ಕುಡಿದು ಬಂದು ‘ಹೌದು’ ಒತ್ತಿದೆ. ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಸರಸರನೆ ಓಡಿ ಶೇಕಡಾ ಅರವತ್ತೆರಡಕ್ಕೆ ಬಂದು ನಿಂತಿತು. ನಿಂತದ್ದು ನಿಂತೇಬಿಟ್ಟಿತು. ಅಡುಗೆಮನೆಯಿಂದ ನಿನ್ನ ಅತ್ತೆ, “ಏನ್ರೀ ಅದು, ಬೆಳಗಿಂದ ಅದರ ಮುಂದೇ ಕೂತಿದೀರಾ?” ಎಂದರೆ, “ಧೂಳು ಒರೆಸ್ತಿದೀನಿ” ಎಂದೆ. ಒಂದು ಗಂಟೆ ಹತ್ತು ನಿಮಿಷ ಅದೇ ಅರವತ್ತೆರಡು. ಆತುರಪಟ್ಟು ಕೈ ಹಾಕಬೇಡಿ ಎಂದು ಕೆಲಸದಲ್ಲಿ ಎಷ್ಟು ಹೊಸಬರಿಗೆ ಬೈದಿದ್ದೇನೋ, ಆ ನಾನೇ ಪ್ಲಗ್ ಕಿತ್ತೆ. ಮತ್ತೆ ಹಾಕಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಕಪ್ಪು ಪರದೆ, ಮೂಲೆಯಲ್ಲಿ ಮಿಣಮಿಣ ಎನ್ನುವ ಒಂದು ಗೆರೆ.

ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಎರಡನೆಯ ಭಾನುವಾರ ಹನ್ನೊಂದು ಹೊಡೆಯುವಾಗ ತಡೆಯಲಾಗದೆ ನಿನ್ನ ಅತ್ತೆಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು, “ಒಂದು ವಾರ ಆ ಹುಡುಗಿನ ಮನಸ್ಸಲ್ಲೇ ಬೈಕೊಂಡು ಓಡಾಡಿದೀನಲ್ರೀ” ಅಂದಳು. ಸೋಮವಾರ ತಿಂಡಿ ಆದಮೇಲೆ ತಾನೇ ಬಂದು ಪಕ್ಕದಲ್ಲಿ ಕೂತಳು. “ಆ ಹಾಳೆ ಇಲ್ಲಿ ಕೊಡಿ. ನಾನು ಓದ್ತೀನಿ, ನೀವು ಒತ್ತಿ.”

ಮತ್ತೆ ಅರವತ್ತೆರಡಕ್ಕೇ ನಿಂತಿತು. ನನ್ನ ಕೈ ಪ್ಲಗ್ಗಿನ ಕಡೆ ಹೋಗಿದ್ದನ್ನು ಕಂಡು, “ಕೈ ಕಟ್ಕೊಂಡು ಕೂತ್ಕೊಳ್ಳಿ” ಎಂದು ಗದರಿದಳು. ಒಂದು ಗಂಟೆ ನಲವತ್ತು ನಿಮಿಷ ಇಬ್ಬರೂ ಆ ಅಂಕಿಯನ್ನೇ ನೋಡಿದೆವು. ಅರವತ್ತಮೂರು ಆದಾಗ ಅವಳು ನನ್ನ ತೋಳು ಹಿಡಿದ ರಭಸಕ್ಕೆ ಮೂಡಿದ ಉಗುರಿನ ಗುರುತು ಇನ್ನೂ ಇದೆ. ಸಂಜೆ ಹೊತ್ತಿಗೆ ಹೊಸ ಸಿಸ್ಟಮ್ ಎದ್ದು ಕೂತಿತು. ಇಂಟರ್ನೆಟ್ ಬಂತು. ಕ್ಯಾಮೆರಾ ತೆರೆದರೆ ನಮ್ಮಿಬ್ಬರ ತಲೆ ಕಾಣಿಸಿತು. “ಎಷ್ಟು ಸೊರಗಿದೀರ್ರೀ” ಅಂದಳು.

ಆದರೆ ಪ್ರೋಗ್ರಾಮ್ ಪಾಸ್‌ವರ್ಡ್ ಕೇಳಿತು. ಹಳೆಯದರಲ್ಲಿ ನೀನು ಒಮ್ಮೆ ಹಾಕಿಟ್ಟಿದ್ದೆ, ಅದೇ ನೆನಪಿಟ್ಟುಕೊಂಡಿತ್ತು; ನಮಗೆ ಗೊತ್ತೇ ಇಲ್ಲ. ಮಗುವಿನ ಹೆಸರು, ಹುಟ್ಟಿದ ದಿನ, ನಮ್ಮ ಬೀದಿ, ನಿನ್ನ ಹೆಸರು ಎಲ್ಲ ಹಾಕಿದೆವು. ಕೊನೆಗೆ ನಿನ್ನ ಅತ್ತೆ, “ನಿಮ್ಮ ಹೆಸರೇ ಇಟ್ಟಿರ್ತಾಳೆ, ನಿಮ್ಮನ್ನ ಕಂಡ್ರೆ ಅವಳಿಗೆ ಪ್ರೀತಿ” ಎಂದಳು. ಅದನ್ನೂ ಹಾಕಿದೆ, ಸಂಕೋಚದಿಂದಲೇ. ಐದು ಸಲ ತಪ್ಪಿತು, ಇನ್ನು ಒಂದು ದಿನ ಕಾಯಿರಿ ಎಂದು ಬಾಗಿಲು ಹಾಕಿಕೊಂಡಿತು.

ಮನೆಯಲ್ಲಿ ತಿಳಿದವನೊಬ್ಬ ಇದ್ದಾನಲ್ಲ, ಅವನನ್ನೇಕೆ ಕೇಳಲಿಲ್ಲ ಎನ್ನಬಹುದು. ಭಾನುವಾರದ ಮಾತು ಮಗುವಿಗೂ ನಮಗೂ ಮಾತ್ರ, ಅದರಲ್ಲಿ ಅವನು ಬರಬಾರದು ಎಂದು ನೀನು ಹೇಳಿದ್ದೆ. ನಾನು ಒಪ್ಪಿದ್ದೆ. ಅವನೂ ಭಾನುವಾರ ಹತ್ತೂವರೆಗೇ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾನೆ. ಮಗನ ವಿಷಯ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಪಾಸ್‌ವರ್ಡ್ ಬರೆದು ಕಳಿಸು, ಮಗಳೇ. ಕಳಿಸಲು ಮನಸ್ಸಿಲ್ಲದಿದ್ದರೆ ಹಾಗೆಂದಾದರೂ ಒಂದು ಸಾಲು ಬರಿ. ಬೇಡವೆಂದರೆ ಬೇಸರ ಮಾಡಿಕೊಳ್ಳುವುದಿಲ್ಲ ಎಂದು ಬರೆಯಬೇಕೆಂದಿದ್ದೆ, ಸುಳ್ಳಾಗುತ್ತದೆ, ಬಿಟ್ಟಿದ್ದೇನೆ. ಬಟಾಣಿಯ ಕೆನ್ನೆಗೆ ನಮ್ಮಿಬ್ಬರ ಪಾಲಿನದನ್ನೂ ನೀನೇ ಕೊಟ್ಟುಬಿಡು.

ನಿನಗೆ ಯಾವತ್ತೂ ಮಾವ, ಅವಳಿಗೆ
ಲಿಫ್ಟ್ ತಾತ

ಬುಧವಾರ ಬೆಳಿಗ್ಗೆ, ಲಕೋಟೆ ಅಂಟಿಸುವ ಮುಂಚೆ: ಪಾಸ್‌ವರ್ಡ್ ಕಳಿಸುವುದು ಬೇಡ. ನಿನ್ನೆ ಸಂಜೆ ಮತ್ತೆ ಕೂತು ಆರನೆಯದೇನಿರಬಹುದು ಎಂದು ತಲೆ ಕೆಡಿಸಿಕೊಂಡಿದ್ದೆವು. ಅವನು ಕೆಲಸದಿಂದ ಬಂದು ಹಿಂದೆ ನಿಂತಿದ್ದು ಗೊತ್ತಾಗಲಿಲ್ಲ. “ಸ್ವಲ್ಪ ಸರೀರಿ ಅಪ್ಪ” ಎಂದು ಬಗ್ಗಿ ಒಂದೇ ಉಸಿರಿಗೆ ಟೈಪ್ ಮಾಡಿದ. ಬೆರಳು ಎಲ್ಲೂ ತಡವರಿಸಲಿಲ್ಲ. ತೆರೆದುಕೊಂಡಿತು. ಅದೇನು ಪದವೆಂದು ನಾವು ಕೇಳಲಿಲ್ಲ, ಅವನು ಹೇಳಲಿಲ್ಲ. ಇಟ್ಟವಳು ನೀನು, ನಿನಗೆ ಗೊತ್ತು. ಹೊರಟವನು ಬಾಗಿಲಲ್ಲಿ ನಿಂತು, “ಅವಳ ಮುಂದಿನ ಹಲ್ಲು ಬಿತ್ತಂತಾ?” ಎಂದ. ಹಲ್ಲು ಅಲ್ಲಾಡುತ್ತಿದೆ ಎಂದು ಬಟಾಣಿ ಕೊನೆಯ ಸಲ ನಮಗೆ ಮಾತ್ರ ಹೇಳಿದ್ದಳು. ನಾವು ಅವನೆದುರು ಆಡಿಯೇ ಇಲ್ಲ. ಭಾನುವಾರ ಅವನು ಹೋಗುವುದು ನಮ್ಮ ಕಿಟಕಿಯ ಆಚೆ ಬದಿಗೆ ಮಾತ್ರ, ಮಗಳ ದನಿ ಕೇಳಲು ಎಂದು ನನಗೆ ತಿಳಿದದ್ದು ಆಗಲೇ. ಕಿಟಕಿ ಮುಚ್ಚಿ ಕೂರಬೇಕೋ ಬೇಡವೋ, ಈ ಭಾನುವಾರ ನೀನೇ ಹೇಳು.