ಗುಂಡಿಯೊಳಗಿನ ಬೀಜ

ಪ್ರೀತಿಯ ತಮ್ಮ ವರ್ಲಿನ್,

ಅಜ್ಜಿಯ ಗುಡ್ಡದಲ್ಲಿ ಈಗ ಒಂದೂ ಎಕಿನೇಶಿಯಾ ಗಿಡವಿಲ್ಲ. ಮಂಗಳವಾರ ಬೆಳಿಗ್ಗೆ ಹಲ್ಲುನೋವಿಗೆಂದು ಒಂದು ಬೇರು ಅಗೆಯಲು ಹೋದವಳು ಸಲಾಕೆ ಹಿಡಿದು ಹಾಗೇ ನಿಂತುಬಿಟ್ಟೆ. ಆ ನೇರಳೆ ಹೂಗಳಿದ್ದ ಕಡೆಯೆಲ್ಲ ಬರೀ ಅಗೆದು ಮುಚ್ಚಿದ ಗುಂಡಿಗಳ ಹೊಸ ಮಣ್ಣು.

ನಮ್ಮ ಬುಡಕಟ್ಟಿನ ಪೊಲೀಸ್ ಡೆಲ್ಬರ್ಟ್ ಬಂದು ನೋಡಿದ. "ಹೊರಗಿನೋರ ಕೆಲ್ಸ ಕಣಕ್ಕ, ಔಷಧಿಗೆ ಬೇರು ಮಾರೋರು. ನಮ್ಮೋರು ಯಾರಾದ್ರೂ ಹಿಂಗೆ ಗುಡ್ಡ ಬೋಳಿಸ್ತಾರಾ?" ಅಂದ. ದೂರಿನಲ್ಲಿ ಹಾಗೇ ಬರೆದು ಸಹಿ ಹಾಕಿಕೊಟ್ಟೆ.

ಅವನು ಹೋದ ಮೇಲೆ ಒಂದು ಗುಂಡಿಯ ಮಣ್ಣು ಕೆದರಿದೆ. ಒಳಗೆ ಆ ಗಿಡದ್ದೇ ಬೀಜ ತುಂಬಿದ ಒಣಹೂವಿತ್ತು. ಪಕ್ಕದ್ದನ್ನು ಕೆದರಿದೆ, ಮತ್ತೊಂದನ್ನೂ ಕೆದರಿದೆ. ಎಲ್ಲದರಲ್ಲೂ ಇತ್ತು. ಮುಚ್ಚಿದ ಮಣ್ಣಿನ ಮೇಲೆ ಅಂಗೈಯಿಂದ ತಟ್ಟಿದ ಗುರುತೂ ಇತ್ತು. ಅಜ್ಜಿ ಹಾಗೆ ಕಲಿಸಿದ್ದು ನಮ್ಮಿಬ್ಬರಿಗೆ ಮಾತ್ರ. "ಬೇರು ಕಿತ್ಕೊಂಡು ಬೀಜ ಕೊಡ್ದೆ ಓಡ್ತೀಯೇನೋ, ಕಳ್ಳ?" ಎಂದು ನಿನ್ನ ಕಿವಿ ಹಿಂಡುತ್ತಿದ್ದಳು. ಮೂರು ಗಿಡ ಕಂಡರೆ ಒಂದನ್ನೇ ಅಗೆಯಬೇಕು ಎಂದವಳೂ ಅವಳೇ. ಒಂದು ಮಾತನ್ನು ನೆನಪಿಟ್ಟುಕೊಂಡ ನೀನು ಇನ್ನೊಂದನ್ನು ಹೇಗೆ ಮರೆತೆ?

ಹೊರಗಿನವರೇ ಆಗಿರಲಿ ಎಂಬ ಆಸೆಯಿಂದಲೇ ನಾನು ಅಷ್ಟು ಬೇಗ ಸಹಿ ಹಾಕಿದೆನೇ? ಎರಡು ದಿನದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ.

ಸೋಮವಾರ ಡೆಲ್ಬರ್ಟ್ ಮತ್ತೆ ಬರುತ್ತಾನೆ. ಅಷ್ಟರೊಳಗೆ ನೀನೇ ಹೋಗಿ ಅವನಿಗೆ ಹೇಳು. ಇಲ್ಲವಾದರೆ ನಾನು ಹೇಳಬೇಕಾಗುತ್ತದೆ. ಬೇಕಾದರೆ ಜೊತೆಗೆ ಬರುತ್ತೇನೆ.

ಎಲ್ಲವನ್ನೂ ಮಾರಿಲ್ಲವಾದರೆ, ಬರುವಾಗ ಒಂದು ತುಂಡು ಬೇರು ತಾ. ನನ್ನ ಹಲ್ಲುನೋವು ಇನ್ನೂ ಹೋಗಿಲ್ಲ.

ನಿನ್ನ ಅಕ್ಕ,
ಲವೋನ್