ಗರ್ಭಕೋಶವಿಲ್ಲದ ಬಾಣಂತಿಯ ಪರವಾಗಿ

ಆಯುರ್ವೇದ ಔಷಧಾಲಯಗಳ ಜಿಲ್ಲಾ ಅಧಿಕಾರಿಗಳೇ,

ಗಂಡ ಸತ್ತು ಆರು ವರ್ಷವಾದ, ಗರ್ಭಕೋಶ ತೆಗೆಸಿಕೊಂಡು ಎರಡು ವರ್ಷವಾದ ನನ್ನ ಅಕ್ಕ ಜಂಬಮ್ಮ ತಮ್ಮ ಇಲಾಖೆಯ ಪುಸ್ತಕದಲ್ಲಿ ಬಾಣಂತಿ. ಇಂಥ ಪವಾಡ ನಮ್ಮ ಹಗರಿಬೊಮ್ಮನಹಳ್ಳಿ ತಾಲೂಕಿನಲ್ಲಿ ಹಿಂದೆಂದೂ ಆಗಿರಲಿಲ್ಲ. ಕಾರಣ, ಈ 1983ರ ಜೂನ್‌ನಲ್ಲಿ ತಾವು ಹೊರಡಿಸಿದ ಸುತ್ತೋಲೆ. ಅದರಿಂದ ಅಕ್ಕನ ಔಷಧವೂ ಹೋಯಿತು, ಮಾನವೂ ಹೋಯಿತು.

ಆಪರೇಷನ್ ಆದಾಗ ಆಕೆಗೆ ಮೂವತ್ತಾರು. ಅಂದಿನಿಂದ ಮೈಯೆಲ್ಲ ಉರಿ, ಎದೆ ಡವಡವ, ನಿದ್ದೆಯಿಲ್ಲ. ಬಳ್ಳಾರಿಯ ಡಾಕ್ಟರು ಹಾರ್ಮೋನ್ ಕಡಿಮೆಯಾಗಿದೆ ಎಂದು ಗುಳಿಗೆ ಬರೆದುಕೊಟ್ಟರು. ಆ ಗುಳಿಗೆ ಕೊಟ್ಟೂರಿನಲ್ಲೂ ಸಿಗಲಿಲ್ಲ, ಹರಪನಹಳ್ಳಿಯಲ್ಲೂ ಸಿಗಲಿಲ್ಲ. ಕೊನೆಗೆ ನಮ್ಮ ಹೋಬಳಿಯ ಔಷಧಾಲಯದ ವೈದ್ಯರು ಶತಾವರಿ ಬೇರಿನ ಪುಡಿ ಕೊಟ್ಟು, ಹಾಲಿನಲ್ಲಿ ಕುಡಿಯಲು ಹೇಳಿದರು. ಆ ಬೇರಿನಲ್ಲಿ ಏನಿದೆಯೋ ನಾನರಿಯೆ. ಎರಡನೇ ತಿಂಗಳಿಗೆ ಅಕ್ಕ ನಿದ್ದೆ ಮಾಡಿದಳು, ನಾನು ಕಂಡದ್ದು ಅಷ್ಟೇ.

ಆಮೇಲೆ ವೈದ್ಯರಿಗೆ ವರ್ಗವಾಯಿತು, ಸುತ್ತೋಲೆ ಬಂತು: ಶತಾವರಿ ಹಾಲೂಡಿಸುವ ತಾಯಂದಿರಿಗೆ ಮಾತ್ರ. ಕಾಂಪೌಂಡರ್ ಗಾದೆಪ್ಪ ಕೈಚೆಲ್ಲಿದ. "ಯಕ್ಕಾ, ಕೂಸು ತೋರಿಸಿದ್ರ ಪುಡಿ ಐತಿ. ಇಲ್ಲಂದ್ರ ನನ್ನ ನೌಕರಿಗಿ ಕುತ್ತು ಬರ್ತೈತಿ ನೋಡ್ರಿ." ಮುಟ್ಟು ನಿಂತವಳಿಗೆ ಮೈ ಇರುವುದಿಲ್ಲವೇ? ಎದೆಯಲ್ಲಿ ಹಾಲಿಲ್ಲದವಳು ಸರ್ಕಾರದ ಕಣ್ಣಿಗೆ ಹೆಂಗಸೇ ಅಲ್ಲವೇ?

ನಮ್ಮ ಓಣಿಯಲ್ಲಿ ಒಬ್ಬರ ಕೈಕೂಸನ್ನು ಇನ್ನೊಬ್ಬರು ಎತ್ತಿಕೊಂಡು ತಿರುಗುವುದು ಹೊಸದಲ್ಲ. ಪಕ್ಕದ ಮನೆಯ ಪಕ್ಕೀರಮ್ಮ ತನ್ನ ಮೂರು ತಿಂಗಳ ಕೂಸನ್ನು ಅಕ್ಕನ ಮಡಿಲಿಗೆ ಹಾಕಿ, "ಒಯ್ಯವ್ವ, ಹಸಿದು ಅಳೂದ್ರೊಳಗ ತಂದುಬಿಡು" ಎಂದಳು. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸುವ ನಾನೂ ಜೊತೆಗೆ ಹೋದೆ, ಒಪ್ಪಿಕೊಳ್ಳುತ್ತೇನೆ. ಗಾದೆಪ್ಪನಿಗೆ ಎಲ್ಲ ಗೊತ್ತಿತ್ತು. ಆದರೂ ಕೂಸು ಕಂಡದ್ದೇ ಸಾಕೆಂದು, ತಲೆ ತಗ್ಗಿಸಿ 'ಜಂಬಮ್ಮ, ಬಾಣಂತಿ' ಎಂದು ಬರೆದು ಪುಡಿ ಕಟ್ಟಿಕೊಟ್ಟ.

ಆ ಪುಸ್ತಕದಿಂದ ಇಳಿಸಿಕೊಂಡ ಬಾಣಂತಿಯರ ಪಟ್ಟಿ ಹಿಡಿದು ಕೂಸುಗಳಿಗೆ ಸೂಜಿ ಮಾಡುವ ನರ್ಸಮ್ಮ ಬಂದಳು. "ಜಂಬಮ್ಮನ ಕೂಸು ಎಲ್ಲೈತ್ರಿ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಅಕ್ಕ ಇರುವ ಮನೆಯ ಯಜಮಾನ, ಆಕೆಯ ಮೈದುನ ಶಿವಯೋಗಪ್ಪ ಕಟ್ಟೆಯಿಂದ ಎದ್ದು ಬಂದು ಒಂದೇ ಮಾತು ಕೇಳಿದ: "ಅತ್ತಿಗಿ, ಯಾರ ಕೂಸು ಅದು?" ಪಕ್ಕೀರಮ್ಮ ಆಣೆಯಿಟ್ಟು ಹೇಳಿದರೂ ನಂಬಲಿಲ್ಲ. ಸರ್ಕಾರದವರು ಬರೆದದ್ದು ಸುಳ್ಳಾಗುತ್ತದೆಯೇ ಎಂದ. ತಮ್ಮ ಪುಸ್ತಕದ ಮೇಲೆ ಅವನಿಗಿರುವಷ್ಟು ನಂಬಿಕೆ ತಮಗಾದರೂ ಇದೆಯೇ, ಮಾನ್ಯರೇ?

ಈಗ ಅಕ್ಕ ಹೊಸ್ತಿಲು ದಾಟುವುದಿಲ್ಲ. ಪುಡಿ ತೀರಿ ಒಂದೂವರೆ ತಿಂಗಳಾಯಿತು. ಉರಿ ತಾಳಲಾರದೆ ಒದ್ದೆ ಸೀರೆಯಲ್ಲಿ ಬಚ್ಚಲ ಕಲ್ಲಿನ ಮೇಲೆ ಕೂತಿರುತ್ತಾಳೆ. ಮೊನ್ನೆ, "ತಂಗೀ, ಆಪರೇಷನ್‌ದಾಗ ನನ್ನ ಪೂರಾ ತಗದುಬಿಟ್ಟಿದ್ರ ಚಲೋ ಇತ್ತು" ಎಂದಳು. ನನಗೆ ಭಯವಾಗುತ್ತಿದೆ. ಶಾಲೆಯಲ್ಲಿ ಪಾಠ ಮಾಡುತ್ತಿದ್ದರೂ ಜೀವವೆಲ್ಲ ಅಕ್ಕನ ಮನೆಯ ಹಿತ್ತಲ ಬಾವಿಯ ಕಡೆಗೇ ಇರುತ್ತದೆ.

ಸುತ್ತೋಲೆ ಹಿಂತೆಗೆದುಕೊಳ್ಳಿ. ಆಕೆಯ ಕಾಯಿಲೆ ಏನೋ ಅದನ್ನೇ ಬರೆದು ಔಷಧ ಕೊಡಿ. ಪುಸ್ತಕದಲ್ಲಿರುವ 'ಜಂಬಮ್ಮ, ಬಾಣಂತಿ' ಎಂಬ ಆ ಒಂದು ಸಾಲು ಹೊಡೆದುಹಾಕಲು ಮಾತ್ರ ತಾವೇ ಬರಬೇಕು. ಅಕ್ಕನ ಮನೆಯ ಅಂಗಳದಲ್ಲಿ ನಿಂತು, ಶಿವಯೋಗಪ್ಪನ ಎದುರಿಗೆ, ಈ ಹೆಂಗಸು ಹೆತ್ತಿಲ್ಲ ಎಂದು ಓದಿ ಹೇಳಬೇಕು. ಬೇಗ ಬನ್ನಿ. ತಡವಾದರೆ ನನ್ನ ಅಕ್ಕನ ಹೆಸರನ್ನು ತಾವು ಬೇರೆ ಪುಸ್ತಕದಲ್ಲಿ ಬರೆದುಕೊಳ್ಳಬೇಕಾಗುತ್ತದೆ.

ಇಂತಿ,
ತಮ್ಮ ದಾಖಲೆಯಂತೆ, ಇಲ್ಲದ ಕೂಸಿನ ಚಿಕ್ಕಮ್ಮ,
ಗುರುಬಸಮ್ಮ
ಪ್ರಾಥಮಿಕ ಶಾಲಾ ಶಿಕ್ಷಕಿ